ಬಲ್ಮಠದ ಸೋಫಾಕ್ಕೆ ಸಿಕ್ಕ ಪದಕ

ಟಾಕೀಸಿಗೆ ಹೋದವರೆಲ್ಲ ನಾಯಕಿಯ ಮುಖ ನೋಡುತ್ತಿದ್ದರೆ ನನ್ನ ಭಾವ ಅವಳ ಬೆನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ಗಂಡ ಸತ್ತ ಸುದ್ದಿ ಕೇಳಿ ಅವಳು ಕಂಬ ಹಿಡಿದು ಅಳುವಾಗ ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತಿತ್ತು. ಭಾವ ಮಾತ್ರ ನನ್ನ ಪಕ್ಕೆಗೆ ತಿವಿದು, "ಕಂಬ ಅಲ್ಲಾಡಿತು, ಕಂಡಿಯಾ? ಒಳಗೆ ಬಿದಿರು, ಹೊರಗೆ ಗೋಣಿ. ನಾಚಿಕೆ ಬೇಡ್ವಾ ಇವರಿಗೆ?" ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದರು.

"ಓ ಮಾರಾಯ್ರೆ," ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗುವರು, "ನಿಮ್ಮ ಕಂಬ ನೀವು ಮನೆಗೆ ತಕ್ಕೊಂಡು ಹೋಗಿ. ನಮಗೆ ಸ್ವಲ್ಪ ಅಳ್ಲಿಕ್ಕೆ ಬಿಡಿ."

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಕಾಲ ಅದು. ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಳೆ ದಂಡೆಯ ಹಂಚಿನ ಕಾರ್ಖಾನೆಯಲ್ಲಿ ಅವರಿಗೆ ಅಚ್ಚು ಮಾಡುವ ಕೆಲಸ. ಸಾದಾ ಹಂಚಿನ ಅಚ್ಚಲ್ಲ. ಮಾಡಿನ ತುದಿಗೆ ಕೂರಿಸುವ ಹೂವು, ಕಳಶ, ಹಕ್ಕಿ, ಅಂಥ ಅಲಂಕಾರದ ಅಚ್ಚು. ಮಹಾ ಜಂಬದ ಮನುಷ್ಯ. ದಾರಿಯಲ್ಲಿ ಯಾವ ಮನೆಯ ಮಾಡು ಕಂಡರೂ "ಅದು ನನ್ನ ಹಕ್ಕಿ" ಎಂದು ಬೆರಳು ತೋರಿಸದೆ ಮುಂದೆ ನಡೆದವರಲ್ಲ. ಜಗಳಕ್ಕೂ ಅಷ್ಟೇ ಧಾರಾಳ. ನಮ್ಮ ಅಜ್ಜಿ ಹೇಳುತ್ತಿದ್ದರು: "ಅವನ ಬಾಯಿ ಮುಂದೆ, ಕೈ ಅದಕ್ಕಿಂತ ಮುಂದೆ. ಬುದ್ಧಿ ಮಾತ್ರ ದೋಣಿ ತಪ್ಪಿ ಆಚೆ ದಡದಲ್ಲೇ ಬಾಕಿ."

ಆ ವರ್ಷ ನಮ್ಮ ಮಂಗಳೂರಿನಲ್ಲಿ ನಾಟಕ ಸ್ಪರ್ಧೆ ಇಟ್ಟರು. ಹವ್ಯಾಸಿ ತಂಡಗಳು ನಾಲ್ಕು. ಭಾವ, ನಾನು ಇದ್ದದ್ದು ನಾಲ್ಕನೆಯದರಲ್ಲಿ; ರಂಗ ಕಟ್ಟುವ ಕೆಲಸ ಭಾವನದ್ದು. ನಟನೆಗೆ ಬಹುಮಾನ ಇದ್ದದ್ದೇ. ಹೊಸತಾಗಿ ರಂಗಸಜ್ಜಿಕೆಗೂ ಒಂದು ಚಿನ್ನದ ಪದಕ ಎಂದು ಸಾರಿದರು. ತೀರ್ಪುಗಾರರು ಮೂವರು. ಬಲ್ಮಠದ ಒಬ್ಬ ದೊಡ್ಡ ವಕೀಲರು ಅಧ್ಯಕ್ಷರು. ಫಳ್ನೀರಿನ ಒಬ್ಬ ಡಾಕ್ಟರು ಅವರಿಗೆ ಬಲಗೈ. ಮೂರನೆಯವರು ಬಂದರಿನ ಮರದ ವ್ಯಾಪಾರಿ, ಒಬ್ಬ ಬ್ಯಾರಿ ಸಾಹುಕಾರರು. ವೇದಿಕೆಗೆ ಹಲಗೆ ಪುಕ್ಕಟೆ ಕೊಟ್ಟ ಕಾರಣಕ್ಕೆ ಅವರನ್ನು ಸೇರಿಸಿಕೊಂಡಿದ್ದರು. ತೀರ್ಪು ಹೇಳಲು ಮೂವರು ಬೇಕು ಎಂಬ ನಿಯಮ ಯಾರು ಮಾಡಿದರೋ! ಬಹುಶಃ ಒಬ್ಬನಿಗೇ ಹೊರಲಾಗದ ನಾಚಿಕೆಯನ್ನು ಮೂರು ಪಾಲು ಮಾಡಿಕೊಳ್ಳಲಿ ಎಂದಿರಬೇಕು.

ಇದರ ನಡುವೆ ವಕೀಲರ ಮನೆಗೆ ಅವರ ದೂರದ ಸಂಬಂಧಿಯೊಬ್ಬ ಬಂದಿಳಿದ. ಮದ್ರಾಸಿನ ಒಂದು ಫಿಲ್ಮ್ ಸ್ಟುಡಿಯೋದಲ್ಲಿ ಮ್ಯಾನೇಜರ್. ಅವನು ಒಂದು ಸಂಜೆ, ಹತ್ತು ಜನರ ಎದುರು, ಬಾಯ್ತುಂಬ ವೀಳ್ಯ ಹಾಕಿಕೊಂಡು ಹೇಳಿಬಿಟ್ಟ: "ಸಜ್ಜಿಕೆಯ ಪದಕ ಯಾರಿಗೆ ಬರ್ತದೋ ಅವನನ್ನು ನಮ್ಮ ಸೆಟ್ಟಿಂಗ್ ವಿಭಾಗಕ್ಕೆ ಕರ್ಕೊಂಡು ಹೋಗ್ತೇನೆ."

ಆ ಮಾತು ಭಾವನ ಕಿವಿಗೆ ಬಿದ್ದ ಮೇಲೆ ಅವರು ನಮ್ಮ ನಡುವೆ ಇರಲೇ ಇಲ್ಲ. ದೇಹ ಮಾತ್ರ ಊಟಕ್ಕೆ ಬರುತ್ತಿತ್ತು. "ಸಾಯುವ ತನಕ ಮಣ್ಣಿನ ಹಕ್ಕಿ ಹಾರಿಸುದಾ ನಾನು?" ಎಂದು ಅಕ್ಕನನ್ನು ಕೇಳಿದರಂತೆ. ಅಕ್ಕ ನನ್ನನ್ನು ಬೇರೆ ಕರೆದು, "ಪದಕ ಬಾರದಿದ್ದರೆ ಈ ಜನ ಬದುಕಿಯೂ ಬದುಕುದಿಲ್ಲ, ಗೊತ್ತಾಯ್ತಾ? ನೀನು ಸರಿಯಾಗಿ ಆಕ್ಟ್ ಮಾಡು," ಎಂದಳು. ನನ್ನ ಪಾಲಿಗೆ ಬಂದದ್ದು ಹೊಳೆಯಾಚೆಯ ಮೀನುಗಾರರ ಊರು ಬೆಂಗ್ರೆಯ ಒಬ್ಬ ಮುದುಕಿಯ ಪಾತ್ರ. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನಾನು ಅದಕ್ಕಾಗಿ ಮೀಸೆ ತೆಗೆದೆ. ಆ ತ್ಯಾಗಕ್ಕೆ ಯಾವ ಪದಕವೂ ಇರಲಿಲ್ಲ.

ನಮ್ಮೂರಿನ ನಾಟಕದ ಒಂದು ಕ್ರಮವನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದನ್ನು ಯಾರೂ ನಂಬುವುದಿಲ್ಲ. ಯಾವ ತಂಡಕ್ಕೂ ಸ್ವಂತ ಸಾಮಾನು ಇರುತ್ತಿರಲಿಲ್ಲ. ದೊಡ್ಡ ಮನೆಗಳಿಂದ ಎರವಲು ತರುವುದು ಪದ್ಧತಿ. ಕೊಟ್ಟವರಿಗೆ ಬಾಡಿಗೆ ಬೇಡ, ಮರ್ಯಾದೆ ಬೇಕು. ಹಾಗಾಗಿ ಪರದೆ ಏಳುವ ಮೊದಲು ಒಬ್ಬ ಮುಂದೆ ಬಂದು, "ಇಂದಿನ ದರ್ಬಾರಿನ ಸೋಫಾ ಬಲ್ಮಠದ ಇಂಥವರ ಕೃಪೆ, ಅಂತಃಪುರದ ಕನ್ನಡಿ ಫಳ್ನೀರಿನ ಇಂಥವರ ಔದಾರ್ಯ" ಎಂದು ಓದುವನು. ಚಪ್ಪಾಳೆ ಅಲ್ಲಿಗೇ ಹೆಚ್ಚು. ಆಮೇಲೆ ಬರುವ ರಾಜನಿಗೆ ಉಳಿದದ್ದು. ಸಾಮಾನಿನ ಜೊತೆಗೆ ಆ ಮನೆಯ ಆಳೂ ಬಂದು ರಂಗದ ಪಕ್ಕದ ಮರೆಯಲ್ಲಿ ಕೂರುವನು, ರಾಜ ಸಿಟ್ಟಿನಿಂದ ಸೋಫಾದ ಕೈ ಗುದ್ದಿದರೆ "ಮೆಲ್ಲ, ಮೆಲ್ಲ!" ಎಂದು ಒಳಗಿಂದ ದನಿ ಕೇಳುವುದು.

ಆ ಸೋಫಾ ವಕೀಲರದ್ದು. ಹಳೆಯ ಬೀಟೆ ಮರದ್ದು, ನಾಲ್ವರು ಎತ್ತಬೇಕು. ಬೆನ್ನಿಗೆ ದ್ರಾಕ್ಷಿ ಗೊಂಚಲು, ಕೈಗಳ ತುದಿಗೆ ಸಿಂಹದ ಮುಖ. ಸ್ಪರ್ಧೆಯ ಮೊದಲ ನಾಟಕದಲ್ಲಿ ಅದು ಸಿಂಹಾಸನವಾಯಿತು. ಎರಡನೆಯದು ಸಾಮಾಜಿಕ, ಅದರಲ್ಲಿ ಬಿ.ಎ. ಪಾಸಾದ ಮಗಳ ದಿವಾನಖಾನೆಗೆ ಬಂತು, ಡಾಕ್ಟರ ಆಳೆತ್ತರದ ಕನ್ನಡಿಯ ಜೊತೆ. ಮೂರನೆಯದರಲ್ಲಿ ಋಷಿಯ ಆಶ್ರಮ. ಅಲ್ಲಿ ಸೋಫಾಕ್ಕೆ ಏನು ಕೆಲಸ ಎಂದು ಕೇಳುತ್ತೀರಿ. ಮೇಲೆ ಜಿಂಕೆ ಚರ್ಮ ಹೊದೆಸಿ ಋಷಿಯನ್ನು ಕೂರಿಸಿದರು! ಚರ್ಮದ ಅಡಿಯಿಂದ ಎರಡು ಸಿಂಹಗಳು ಇಣುಕುತ್ತಿದ್ದವು. ಅಧ್ಯಕ್ಷರ ಸೋಫಾ ತರದೆ ಅಧ್ಯಕ್ಷರಿಂದ ಪದಕ ಕೇಳುವ ಧೈರ್ಯ ಯಾರಿಗಿದೆ?

ಧೈರ್ಯ ಇದ್ದದ್ದು ನಮ್ಮ ಭಾವನಿಗೆ. ಧೈರ್ಯವೆಂದರೆ ಅದೂ ಒಂದು ಜಾತಿಯ ಜಂಬವೇ. "ನಮ್ಮದು ಬೆಂಗ್ರೆಯ ಮನೆ. ಬಲೆ ನೇಯುವವ ಸೋಫಾದಲ್ಲಿ ಕೂತು ನೇಯ್ತಾನಾ?" ಎಂದು ಎರವಲಿಗೆ ಹೋದ ನಮ್ಮ ಹುಡುಗರನ್ನು ಅರ್ಧ ದಾರಿಯಿಂದ ವಾಪಸು ಕರೆಸಿದರು. ಹಿಂದೆ ತೂಗುಹಾಕುವ ಬರೆದ ಪರದೆಯೂ ಬೇಡವೆಂದರು. ಕಾಗದ ಅರೆದು, ಕಾರ್ಖಾನೆಯ ಹಳೆ ಅಚ್ಚಿನಲ್ಲಿ ಒತ್ತಿ, ಹಂಚು ಮಾಡಿದರು. ಗಾಳಿಗೆ ಹಾರುವಷ್ಟು ಹಗುರ, ಆದರೆ ಕಣ್ಣಿಗೆ ಹತ್ತು ಮಳೆಗಾಲ ಕಂಡ ಹಂಚು, ಪಾಚಿಯೂ ಸಹಿತ. ಗೋಡೆಯ ಬುಡದಲ್ಲಿ ಉಪ್ಪುನೀರು ತಿಂದ ಗುರುತು. ಬಾಗಿಲ ಆಚೆ, ಪರದೆಯಿಲ್ಲದೆ, ಬರಿಯ ಬೆಳಕಿನಿಂದ ಹೊಳೆ. ಅದನ್ನು ಹೇಗೆ ಮಾಡಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಗಡು, ನೀರು, ಒಂದು ಗ್ಯಾಸ್‌ಲೈಟು ಇಷ್ಟೇ ಕಂಡದ್ದು. ಒಂದೇ ಎರವಲು: ಬೆಂಗ್ರೆಯಿಂದ ತಂದ ನಿಜವಾದ ಬಲೆ.

ಆ ಬಲೆಯೇ ನಮ್ಮನ್ನು ಮುಳುಗಿಸಿತು ನೋಡಿ. ಮುಂದಿನ ಪರದೆ ಎದ್ದಾಗ ಕೊನೆಯ ಬೆಂಚಿನಲ್ಲಿದ್ದ ಬೆಂಗ್ರೆಯ ಜನ ಎದ್ದು ನಿಂತರು. "ಏ, ನಮ್ಮ ಚಾವಡಿ!" ಎಂದು ಒಬ್ಬ ಕೂಗಿದ. ಮುದುಕಿಯಾಗಿ ಬಲೆ ಹಿಡಿದು ಕೂತ ನನಗೆ ರೋಮಾಂಚನ. ಅಷ್ಟರಲ್ಲಿ ಗಾಳಿ ತಿರುಗಿತು. ಮೊದಲ ಸಾಲಿನ ಕುರ್ಚಿಗಳಲ್ಲಿ ಕರವಸ್ತ್ರಗಳು ಒಂದೊಂದಾಗಿ ಮೇಲೆದ್ದವು. ಡಾಕ್ಟರು ಎರಡನೆಯ ಅಂಕವಿಡೀ ಮೂಗು ಹಿಡಿದೇ ನೋಡಿದರು. ದಿನಾ ಮಧ್ಯಾಹ್ನ ಬಂಗುಡೆ ಮೀನಿಲ್ಲದೆ ಅನ್ನ ಇಳಿಯದ ಮೂಗು ಅದು! ಬಟ್ಟಲಲ್ಲಿ ಇದ್ದರೆ ಪರಿಮಳ, ರಂಗದಲ್ಲಿ ಇದ್ದರೆ ವಾಸನೆ.

ಮರುದಿನ ಸಂಜೆ ತೀರ್ಪು ಕೇಳಲು ನಾಲ್ಕೂ ತಂಡದವರು ವಕೀಲರ ಜಗಲಿಯಲ್ಲಿ ನಿಂತೆವು. ಸೋಫಾ ಆಗಲೇ ಮನೆಗೆ ಮರಳಿ ತನ್ನ ಜಾಗದಲ್ಲಿತ್ತು. ವಕೀಲರು ಅದರಲ್ಲಿ ಕೂತಿದ್ದರು. ಒಂದು ಬದಿಗೆ ಡಾಕ್ಟರು, ಇನ್ನೊಂದು ಬದಿಗೆ ಕುರ್ಚಿಯಲ್ಲಿ ಸಾಹುಕಾರರು, ಮೂಲೆಯಲ್ಲಿ ಮದ್ರಾಸಿನ ಮ್ಯಾನೇಜರ್. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎಲ್ಲರಿಗಿಂತ ಮುಂದೆ.

ವಕೀಲರು ಗಂಟಲು ಸರಿಮಾಡಿಕೊಂಡರು. "ಸಜ್ಜಿಕೆ ಅಂದರೆ ಒಂದೇ ಬಗೆ ಅಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯ. ಹಾಗಾಗಿ ನಾವು ಮೊದಲು ವರ್ಗ ಮಾಡಿದ್ದೇವೆ. ರಾಜಯೋಗ್ಯ, ಗೃಹಯೋಗ್ಯ, ವನಯೋಗ್ಯ."

ನಾಟಕ ನಾಲ್ಕೂ ಮುಗಿದ ಮೇಲೆ ವರ್ಗ! ಮದುವೆ ಮುಗಿದ ಮೇಲೆ ಜಾತಕ ಕೂಡಿಸಿದ ಹಾಗೆ. ಒಂದನೆಯ ತಂಡದ ದರ್ಬಾರು ರಾಜಯೋಗ್ಯ. ಎರಡನೆಯವರ ದಿವಾನಖಾನೆ ಗೃಹಯೋಗ್ಯ. ಮೂರನೆಯವರ ಆಶ್ರಮ ವನಯೋಗ್ಯ. ನಾಲ್ಕು ಹುಡುಗರಿಗೆ ಕುಪ್ಪಾಯ ಹೊಲಿಯಲು ಕೂತ ದರ್ಜಿಯೂ ನಾಲ್ಕನೆಯವನ ಮೈ ನೋಡಿ ಒಂದು ಅಂಗಿ ಹೊಲಿಯುತ್ತಾನೆ; ನಾಲ್ಕನೆಯವರಾದ ನಮಗೆ ವರ್ಗವೇ ಇರಲಿಲ್ಲ.

"ಆದರೆ ಪದಕ ಒಂದೇ ಉಂಟು," ಎಂದರು ವಕೀಲರು. "ಮುಂದಿನದನ್ನು ನಾನು ಕೂತು ಹೇಳುವುದು ಸಭ್ಯತೆ ಅಲ್ಲ." ಎದ್ದು ಒಳಗೆ ಹೋದರು. ಬಾಗಿಲಿನ ಪರದೆಯ ಕೆಳಗೆ ಅವರ ಎರಡೂ ಪಾದಗಳು ಕಾಣುತ್ತಿದ್ದವು.

ಡಾಕ್ಟರು ಎದ್ದರು. "ಮೂರು ವರ್ಗವನ್ನೂ ಪರಿಶೀಲಿಸಿದಾಗ, ಮೂರರಲ್ಲೂ ಶೋಭಿಸಿದ ವಸ್ತು ಒಂದೇ. ರಾಜನಿಗೂ ಸಲ್ಲಬೇಕು, ಗೃಹಸ್ಥನಿಗೂ ಸಲ್ಲಬೇಕು, ಋಷಿಗೂ ಸಲ್ಲಬೇಕು. ಅಂಥ ಉತ್ತಮ ಸಜ್ಜಿಕೆ ಈ ಸೋಫಾ. ಆದ್ದರಿಂದ ಪದಕವನ್ನು ಅದನ್ನು ಒದಗಿಸಿದವರಿಗೆ ಕೊಡುವುದೆಂದು ಸಮಿತಿ ತೀರ್ಮಾನಿಸಿದೆ. ಕನ್ನಡಿಗೆ ವಿಶೇಷ ಶ್ಲಾಘನೆ."

ಕನ್ನಡಿ ಅವರದ್ದೇ. ಪರದೆಯ ಕೆಳಗಿನ ಪಾದಗಳು ಒಮ್ಮೆ ಬೆರಳು ಮಡಚಿ ಬಿಚ್ಚಿದವು.

ಸಾಹುಕಾರರು ಗಡ್ಡ ನೀವಿಕೊಂಡು ಕೇಳಿದರು: "ಒಂದು ಸಂಶಯ ಡಾಕ್ಟ್ರೆ. ಆ ಬೆಂಗ್ರೆಯ ಮನೆ ಯಾವುದರಲ್ಲಿ ಬಂತು?"

"ರಾಜಯೋಗ್ಯ ಅಲ್ಲವಲ್ಲ."

"ಅಲ್ಲ, ಅಲ್ಲ. ಗೃಹ?"

"ಗೃಹ ಅನ್ನಲಿಕ್ಕೆ ಒಂದು ಕುರ್ಚಿಯಾದರೂ ಬೇಡ್ವಾ?"

"ಹಾಗಾದರೆ ವನ?"

"ವನಕ್ಕೆ ಬರೆದ ಪರದೆ ಬೇಕು. ಅವರದ್ದರಲ್ಲಿ ಪರದೆಯೇ ಇಲ್ಲ. ಇದ್ದದ್ದು ವಾಸನೆ. ವಾಸನೆಗೆ ವರ್ಗ ಇಲ್ಲ."

"ಮನೆಯೂ ಅಲ್ಲ, ಕಾಡೂ ಅಲ್ಲ," ಎಂದರು ಸಾಹುಕಾರರು. "ಹಾಗಾದರೆ ಬೆಂಗ್ರೆಯವರು ಎಲ್ಲಿ ವಾಸ ಮಾಡುದು ಮಾರಾಯ್ರೆ?"

ನಗು ಬಂತು. ನಗುವಿನ ನಡುವೆಯೇ ವಕೀಲರು, ಏನೂ ಕೇಳಿಸಿಕೊಳ್ಳದವರ ಹಾಗೆ, ಹೊರಗೆ ಬಂದರು. ಡಾಕ್ಟರು ಅವರ ಎದೆಗೆ ಪದಕ ಚುಚ್ಚಿದರು. ಭಾವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವರು ಜಗಳ ಮಾಡಲಿಲ್ಲ. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ಹೊರಡುವಾಗ ಮದ್ರಾಸಿನವ ಹಿಂದಿನಿಂದ ಕರೆದ. ಭಾವ ತಟ್ಟನೆ ತಿರುಗಿದರು. ಆ ತಿರುಗಿದ ರಭಸ ನನಗೆ ಈಗಲೂ ನೆನಪಿದೆ.

"ನಿಮ್ಮ ಕೆಲಸ ಚಂದ ಇತ್ತು," ಎಂದ. "ಆದರೆ ಮಾತು ಮಾತೇ. ಪದಕ ಬಂದವರನ್ನು ಕರ್ಕೊಂಡು ಹೋಗ್ತೇನೆ ಅಂದಿದ್ದೆ. ಈಗ ಪದಕ ಬಂದದ್ದು..." ಎಂದು ಸೋಫಾ ಕಡೆ ನೋಡಿದ. ತಮಾಷೆಯಲ್ಲ! ಅವರ ಹೊಸ ಫಿಲ್ಮಿನಲ್ಲಿ ಒಬ್ಬ ಜಮೀನ್ದಾರನ ಮನೆ ಇತ್ತಂತೆ, ಅದಕ್ಕೆ ಇಂಥದ್ದೇ ಬೇಕಿತ್ತಂತೆ. ವಕೀಲರು ಸಂತೋಷದಿಂದ ಒಪ್ಪಿದ್ದರು. ಒಂದೇ ಷರತ್ತು: ಜೊತೆಗೆ ತಿಳಿದವರೊಬ್ಬರು ಹೋಗಬೇಕು, ಕೆತ್ತನೆ ಮುಕ್ಕಾಗದ ಹಾಗೆ ಕಟ್ಟಬೇಕು, ಬಿಚ್ಚಬೇಕು, ಕಾಯಬೇಕು. "ನೀವು ಅಚ್ಚಿನ ಕೆಲಸದವರು. ನಾಜೂಕು ಗೊತ್ತುಂಟು. ಸೋಫಾದ ಜೊತೆ ಬರ್ತೀರಾ?"

ಮನೆ ತಲುಪುವ ತನಕ ಭಾವ ತಡೆದುಕೊಂಡರು. ಆಮೇಲೆ ಶುರುವಾಯಿತು. "ಸೋಫಾದ ಆಳು! ಮರೆಯಲ್ಲಿ ಕೂತು 'ಮೆಲ್ಲ, ಮೆಲ್ಲ' ಹೇಳುವ ಕೆಲಸ! ನಾನು ಹೋಗುದಿಲ್ಲ. ಸತ್ತರೂ ಹೋಗುದಿಲ್ಲ."

ಅಕ್ಕ ಅನ್ನ ಬಡಿಸುತ್ತಿದ್ದಳು. ಸೌಟು ನಿಲ್ಲಿಸಲಿಲ್ಲ. "ಹೋಗಬೇಡಿ. ಇಲ್ಲೇ ಕೂತು ಮಾಡಿನ ಮೇಲಿನ ಹಕ್ಕಿ ಲೆಕ್ಕ ಹಾಕಿ. ಗಣಪತಿಯ ಜೊತೆಗೆ ಹೋದ ಕಾರಣಕ್ಕೆ ಇಲಿಗೂ ಕಡುಬು ಸಿಕ್ಕಿತು. ನಾನು ಇಲಿ ಅಲ್ಲ ಅಂತ ಅದು ಬಿಲದಲ್ಲಿ ಕೂತಿದ್ದರೆ?"

"ನಾನು ಇಲಿಯಾ?"

"ಸೋಫಾ ಗಣಪತಿ ಆಗಬಹುದಾದರೆ ನೀವು ಇಲಿ ಆಗ್ಲಿಕ್ಕೆ ಎಂತ ಕಷ್ಟ?"

ಭಾವ ಹೋದರು. ಹಂಪನಕಟ್ಟೆಯ ಹತ್ತಿರದ ಸ್ಟೇಷನ್ನಿನಲ್ಲಿ ಸೋಫಾವನ್ನು ಗೂಡ್ಸ್ ಡಬ್ಬಿಗೆ ಹತ್ತಿಸುವಾಗ ವಕೀಲರು ಬಂದು ಅದರ ಸಿಂಹಕ್ಕೆ ಹೂವು ಮುಡಿಸಿದರು. ಭಾವನಿಗೆ "ಜಾಗ್ರತೆ" ಎಂದರು. ಅದೂ ಸೋಫಾದ ವಿಷಯದಲ್ಲೇ.

ಮಳೆಗಾಲ ಕಳೆದು ಭಾವ ಸೋಫಾ ಸಮೇತ ವಾಪಸು ಬಂದರು. ತೆಳ್ಳಗಾಗಿದ್ದರು, ಆದರೆ ಕಣ್ಣಲ್ಲಿ ಒಂದು ಬಗೆಯ ಹೊಳಪು. ಸ್ಟೇಷನ್ನಿನಿಂದ ನೇರ ಬಲ್ಮಠಕ್ಕೆ ಗಾಡಿ ಹೊಡೆಸಿ ನನ್ನನ್ನೂ ಹತ್ತಿಸಿಕೊಂಡರು. ದಾರಿಯಲ್ಲಿ ಗಾಡಿಯವನಿಗೆ ಕೇಳದ ಹಾಗೆ ನನ್ನ ಕಿವಿಯಲ್ಲಿ ಹೇಳಿದರು: "ಇದು ಅದಲ್ಲ."

"ಯಾವುದು ಯಾವುದಲ್ಲ?"

"ಸೋಫಾ. ಜಮೀನ್ದಾರನ ಪಾರ್ಟಿನವನಿಗೆ ಎದೆ ಒಡೆದು ಬೀಳುವ ಸೀನ್ ಇತ್ತು. ಒಳ್ಳೆ ಎಮ್ಮೆಯಂಥ ಜನ. ಮೆಲ್ಲ ಅಂತ ಕೂಗಿದೆ; ಕೇಳಬೇಕಲ್ಲ! ದ್ರಾಕ್ಷಿ ಗೊಂಚಲು, ಸಿಂಹ, ಎಲ್ಲ ಪುಡಿ. ಮ್ಯಾನೇಜರ್ ಬಿಳಿಚಿಹೋದ. ವಕೀಲರಿಗೆ ಮುಖ ತೋರಿಸುದು ಹೇಗೆ ಅಂತ. ನಾನು ಹೇಳಿದೆ, ನನಗೊಂದು ಮೂಲೆ ಕೊಡಿ ಅಂತ. ಹಲಸಿನ ಚೌಕಟ್ಟು, ಕೆತ್ತನೆಗೆ ಪ್ಲಾಸ್ಟರ್ ಅಚ್ಚು, ಮೇಲಿಂದ ಬೀಟೆಯ ಬಣ್ಣ. ತೂಕಕ್ಕೆ ಹೊಟ್ಟೆಯೊಳಗೆ ಒಡೆದ ಹಂಚು ತುಂಬಿದ್ದೇನೆ. ಮದ್ರಾಸಲ್ಲೂ ಹುಡುಕಿ ನಮ್ಮ ಮಂಗಳೂರು ಹಂಚೇ ಹಾಕಿದ್ದು."

ನಾನು ತಿರುಗಿ ಸೋಫಾ ನೋಡಿದೆ. "ಸಿಕ್ಕಿಬಿದ್ದರೆ?"

"ಬಿದ್ದರೆ ಬಿದ್ದೆ. ಅದನ್ನು ನೋಡಿದ ಮೇಲೆ ಸ್ಟುಡಿಯೋದವರು ನನ್ನನ್ನು ಸೆಟ್ಟಿಂಗ್ ವಿಭಾಗಕ್ಕೆ ತಕ್ಕೊಂಡಾಯ್ತು. ಆದರೆ ಇವರು ಗುರುತು ಹಿಡಿದರೆ ಮ್ಯಾನೇಜರ್ ನನ್ನನ್ನು ಬಿಡ್ತಾನೆ, ನೆಂಟಸ್ತಿಕೆ ಬಿಡುದಿಲ್ಲ. ಇನ್ನು ಹದಿನೈದು ನಿಮಿಷದಲ್ಲಿ ಗೊತ್ತಾಗ್ತದೆ ನಾನು ಎಲ್ಲಿಯವ ಅಂತ."

ಜಗಲಿಯಲ್ಲಿ ವಕೀಲರು, ಡಾಕ್ಟರು, ಸಾಹುಕಾರರು ಮೂವರೂ ಕಾಯುತ್ತಿದ್ದರು. ಸೋಫಾ ಇಳಿಯಿತು. ವಕೀಲರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಸಿಂಹದ ಮುಖ ಸವರಿದರು.

"ನೋಡಿದಿರಾ ಡಾಕ್ಟ್ರೆ," ಎಂದರು ವಕೀಲರು. "ಕ್ಯಾಮೆರಾದ ಎದುರು ಹೋಗಿ ಬಂದ ಮೇಲೆ ಇದರ ಕಳೆಯೇ ಬೇರೆ!"

"ಹಳೆ ಮರ ಅಂದರೆ ಹಾಗೆಯೇ," ಎಂದರು ಡಾಕ್ಟರು. "ಈಗಿನವರಿಗೆ ಇದು ಬರುದಿಲ್ಲ."

ಸಾಹುಕಾರರು ಎದ್ದು ಬಂದು, ಬೆರಳ ಗೆಣ್ಣಿನಿಂದ ಸೋಫಾದ ಬೆನ್ನಿಗೆ ಟಕ್ ಎಂದು ಒಮ್ಮೆ ಬಡಿದರು. ಇನ್ನೊಮ್ಮೆ ಬಡಿದರು. ಅಪ್ಪನ ಕಾಲದಿಂದ ಬಂದರಿನಲ್ಲಿ ದಿಮ್ಮಿ ಬಡಿದು ಕೊಂಡವರು. ತಲೆಯೆತ್ತಿ ಭಾವನನ್ನು ನೋಡಿದರು.

"ಒಳ್ಳೆ ಮರ," ಎಂದರು ಸಾಹುಕಾರರು. "ಇಂಥ ಮರ ನಾನು ಜನ್ಮದಲ್ಲಿ ಮಾರಲಿಲ್ಲ." ಮತ್ತೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು, ಕೆಮ್ಮುವ ನೆಪದಲ್ಲಿ ಬಹಳ ಹೊತ್ತು ಮುಖ ಮುಚ್ಚಿಕೊಂಡರು.

ಅಕ್ಕ, ಭಾವ ಮದ್ರಾಸಿಗೆ ಸಂಸಾರ ಕಟ್ಟಿಕೊಂಡು ಹೋದರು. ಇಲ್ಲಿ ಸೋಫಾದ ಮೇಲೆ ಯಾರೂ ಕೂರಬಾರದೆಂದು ವಕೀಲರು ಸುತ್ತ ಕೆಂಪು ಹಗ್ಗ ಕಟ್ಟಿಸಿದರು. ದೇವರು ದೊಡ್ಡವನು; ಕೂತಿದ್ದರೆ ಹಂಚಿನ ಚೂರುಗಳು ಸತ್ಯ ಹೇಳಿಬಿಡುತ್ತಿದ್ದವು. ಸ್ಪರ್ಧೆ ವರ್ಷ ವರ್ಷ ನಡೆಯಿತು. ವರ್ಗಗಳು ಹೆಚ್ಚುತ್ತ ಹೋದವು; ಯಾರ ಮನೆಗೆ ಹೊಸ ತೂಗುದೀಪ ಬಂದರೂ ಅದಕ್ಕೊಂದು ಯೋಗ್ಯತೆ ಹುಟ್ಟುತ್ತಿತ್ತು. ಬೆಂಗ್ರೆಯ ಮನೆ ಮಾತ್ರ ಇವತ್ತಿಗೂ ಯಾವ ಯೋಗ್ಯಕ್ಕೂ ಸೇರಿಲ್ಲ.

ಮುಂದೆ ಒಮ್ಮೆ ಮಗಳ ಮದುವೆಯ ಕರೆಯೋಲೆ ಕೊಡಲು ಭಾವ ಊರಿಗೆ ಬಂದಾಗ ನಾನೂ ಅವರ ಜೊತೆ ಬಲ್ಮಠಕ್ಕೆ ಹೋದೆ. ವಕೀಲರಿಗೆ ವಯಸ್ಸಾಗಿತ್ತು. ಬಂದವರಿಗೆಲ್ಲ ತೋರಿಸುವಂತೆ ನಮಗೂ ಸೋಫಾ ತೋರಿಸಿದರು. ಅದರ ಬೆನ್ನಿನ ನಟ್ಟನಡುವೆ, ದ್ರಾಕ್ಷಿ ಗೊಂಚಲಿನ ಕೆಳಗೆ, ಆ ಚಿನ್ನದ ಪದಕವನ್ನು ಹಸಿರು ರಿಬ್ಬನ್ನಿನಲ್ಲಿ ತೂಗುಹಾಕಿದ್ದರು.

"ನೀವು ಸೆಟ್ಟಿಂಗಿನವರು. ಇಂಥ ಕೆಲಸ ನೋಡಿ ಕಲಿಯಬೇಕು," ಎಂದರು ಭಾವನಿಗೆ. "ಇದನ್ನು ಮಾಡಿದ ಕೈ ಯಾರದ್ದೋ ಏನೋ! ಪದಕ ಸುಮ್ಮನೆ ಬರುದಿಲ್ಲ."

"ಬರುದಿಲ್ಲ," ಎಂದರು ಭಾವ.

ಪದಕ ಒಂದು ಬದಿಗೆ ವಾಲಿತ್ತು. ಭಾವ ಕೆಂಪು ಹಗ್ಗದ ಮೇಲಿಂದ ಬಾಗಿ, ಎರಡು ಬೆರಳಲ್ಲಿ ಅದನ್ನು ಹಿಡಿದು ನೆಟ್ಟಗೆ ಮಾಡಿದರು. ಅಲ್ಲೇ ಸ್ವಲ್ಪ ಹೊತ್ತು ಹಿಡಿದುಕೊಂಡರು.

"ಮುಟ್ಟಬೇಡಿ ಮಾರಾಯ್ರೆ," ಎಂದರು ವಕೀಲರು. "ಅದು ಅಸಲು ಚಿನ್ನ."